ಇಲಿಗಳು ಬಿಟ್ಟುಹೋದ ಬರಗು

ಶಿವಮೊಗ್ಗದ ಹೊಸಮನೆ, ಹೊರಡುವ ಮುನ್ನ

"ಇಲಿ ನೋಡೋಕೆ ಅಮೆರಿಕಾಕ್ಕೆ ಹೋಗ್ತೀರಾ? ಅಯ್ಯೋ ಮಾರಾಯ್ತಿ, ನಮ್ಮನೆ ಅಟ್ಟ ಹತ್ತಿ. ವೀಸಾನೂ ಬೇಡ, ಏನೂ ಬೇಡ" ಎಂದರು ಪಕ್ಕದ ಮನೆಯ ಸರೋಜಮ್ಮ. ನಾನು ಅಂಗಳದಲ್ಲಿ ಸೂಟ್‌ಕೇಸನ್ನು ಬಿಸಿಲಿಗೆ ಒಣಹಾಕಿದ್ದೆ. ಅದರೊಳಗಿನ ನುಸಿಗುಳಿಗೆಯ ವಾಸನೆ ಇಡೀ ಬೀದಿಗೆ ನನ್ನ ಪ್ರಯಾಣದ ಸುದ್ದಿಯನ್ನು ಮುಟ್ಟಿಸಿಯಾಗಿತ್ತು.

ಸರೋಜಮ್ಮ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನನ್ನ ತಮ್ಮನ ಮಗಳು ಮೇಘನಾ ಅರಿಜೋನಾದ ಮರುಭೂಮಿಯಲ್ಲಿ ಇಲಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವುಗಳ ರೋಗದ ಮೇಲಲ್ಲ, ಅವುಗಳಿಗೆ ಹಾಕುವ ಔಷಧದ ಮೇಲಲ್ಲ. ಅವುಗಳ ಭಯದ ಮೇಲೆ. ಗೂಬೆಗೂ ಹಾವಿಗೂ ಹೆದರುತ್ತಲೇ ಹೊಟ್ಟೆ ಹೊರೆಯುವುದು ಹೇಗೆ ಎಂಬುದು ಅವಳ ಸಬ್ಜೆಕ್ಟ್. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಾವು ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಡುತ್ತಿದ್ದಾಗ, ಬೆಳಿಗ್ಗೆ ಎಲ್ಲರೂ ಸಿಕ್ಕ ಇಲಿಯನ್ನು ನೋಡಿದರೆ ಈ ಮಗು ಕೊಬ್ಬರಿಯನ್ನು ನೋಡುತ್ತಿತ್ತು. "ಅತ್ತೆ, ಒಳಗೇ ಇದ್ಯಲ್ಲ ಕೊಬ್ಬರಿ. ಯಾಕೆ ತಿಂದಿಲ್ಲ ಇದು?" ಎಂದು ಕೇಳಿದ್ದಳು ಒಮ್ಮೆ. ನಾನು ಇಂಗ್ಲಿಷ್ ಟೀಚರ್. "ಡೋಂಟ್ ಬಿ ಸಿಲ್ಲಿ" ಎಂದು ಹಲ್ಲುಜ್ಜಲು ಕಳಿಸಿದ್ದೆ.

ಮದುವೆ ಎಂಬ ಸಬ್ಜೆಕ್ಟನ್ನು ನಾನು ತೆಗೆದುಕೊಳ್ಳಲಿಲ್ಲ. ಆದ್ದರಿಂದ "ಬನ್ನಿ ಅತ್ತೆ, ಚಳಿ ಶುರುವಾಗೋ ಮುಂಚೆ ಬನ್ನಿ" ಎಂದು ಫೋನಿನಲ್ಲಿ ಅವಳು ಕರೆದಾಗ ಕೇಳಬೇಕಾದವರು ಯಾರೂ ಇರಲಿಲ್ಲ, ನನ್ನ ಮಂಡಿಗಳ ಹೊರತು. ಅವು ಒಪ್ಪಿದವು.

ಫೀನಿಕ್ಸ್

ವಿಮಾನ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತಿದ್ದ ಆಫೀಸರ್ ನನಗೆ ಮೊಮ್ಮಗನಾಗುವ ವಯಸ್ಸಿನವನು. ಯಾಕೆ ಬಂದಿದ್ದೀರಿ ಎಂದು ಕೇಳಿದ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿದೆ: "ಐ ಹ್ಯಾವ್ ಕಮ್ ಟು ಸೀ ಸಮ್ ರ್‍ಯಾಟ್ಸ್."

ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ.

ವಿವರಿಸಿ ಹೇಳಿದೆ. ಅವನ ಮುಖ ನಿಧಾನಕ್ಕೆ ಸಡಿಲವಾಯಿತು. ಇಲ್ಲಿಗೆ ಬರುವ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್ ಎನ್ನುತ್ತಾರೆ, ಇಲಿ ಎಂದವರು ನೀವೇ ಮೊದಲು ಎಂದು ಠಸ್ಸೆ ಒತ್ತಿದ. ನನ್ನ ಕೋಡುಬಳೆಯ ಸ್ಟೀಲ್ ಡಬ್ಬವನ್ನು ಮಾತ್ರ ಮುಂದಿನ ಮೇಜಿನಲ್ಲಿ ಮೂರು ಜನ ಸುತ್ತ ನಿಂತು ನೋಡಿದರು. ಒಬ್ಬಳು ಒಂದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿ ನೋಡಿ ವಾಪಸ್ ಇಟ್ಟಳು. ಆ ಒಂದನ್ನು ಆಮೇಲೆ ನಾನು ಬೇರೆ ತೆಗೆದಿಟ್ಟೆ.

ಹೊರಗೆ ಮೇಘನಾ ನಿಂತಿದ್ದಳು. ಮೈ ಕಂದಿತ್ತು, ತುಟಿ ಒಡೆದಿತ್ತು, ಪ್ಯಾಂಟಿನ ಜೇಬುಗಳೆಲ್ಲ ಉಬ್ಬಿದ್ದವು. "ಏನೇ ಇದು, ಕಾರ್ಖಾನೆ ಫಿಟ್ಟರ್ ತರ ಕಾಣ್ತಿದೀಯಲ್ಲ" ಎಂದೆ. "ನೀವು ಮಾತ್ರ ರಾಣಿ ತರ ಇದೀರಿ ಬಿಡಿ" ಎಂದು ತಬ್ಬಿಕೊಂಡಳು. ಅವಳ ಕೂದಲಲ್ಲಿ ಮರಳಿತ್ತು.

ಮರುಭೂಮಿಯ ಸ್ಟೇಷನ್

ಮರುಭೂಮಿ ಎಂದರೆ ಖಾಲಿ ಎಂದುಕೊಂಡಿದ್ದೆ. ಖಾಲಿಯಲ್ಲ. ಒಂದೊಂದು ಗಿಡವೂ ಪಕ್ಕದ್ದರಿಂದ ದೂರ ಸರಿದು, ಜಗಳ ಆಡಿದ ಅಕ್ಕತಂಗಿಯರ ಹಾಗೆ ನಿಂತಿರುತ್ತದೆ. ಆಳೆತ್ತರ ಮೀರಿದ ಕಳ್ಳಿಗಳು ಕೈ ಮೇಲೆತ್ತಿಕೊಂಡಿರುತ್ತವೆ. ಬಿಸಿಲು ನಮ್ಮದರ ಹಾಗೆ ಬೆವರಿಸುವುದಿಲ್ಲ, ಒಣಗಿಸುತ್ತದೆ. ಎರಡನೆಯ ದಿನಕ್ಕೇ ನಾನು ಹಪ್ಪಳದ ಹಾಗಾಗಿದ್ದೆ.

ವಿಶ್ವವಿದ್ಯಾಲಯದವರ ಆ ಪುಟ್ಟ ತಂಗುಮನೆಯನ್ನು ನೋಡಿಕೊಳ್ಳುವವಳು ರೋಸಾ. ಹೆಚ್ಚುಕಮ್ಮಿ ನನ್ನದೇ ವಯಸ್ಸು, ಮೆಕ್ಸಿಕೋ ಗಡಿಯ ಕಡೆಯವಳು. ಬೆಳಿಗ್ಗೆ ಎದ್ದು ಶೂ ಹಾಕುವ ಮುಂಚೆ ಅದನ್ನು ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟುತ್ತಾಳೆ, ಚೇಳು ಇದ್ದರೆ ಬೀಳಲಿ ಎಂದು. ಆಮೇಲೆ ಅದೇ ಕೈಯಲ್ಲಿ ಕಾಫಿ ಮಾಡುತ್ತಾಳೆ. ನಾನು ಅವಳಿಗೆ ಕೈ ತೊಳೆಯುವುದನ್ನು ಹೇಳಿಕೊಟ್ಟೆ, ಅವಳು ನನಗೆ ಶೂ ಕುಟ್ಟುವುದನ್ನು ಹೇಳಿಕೊಟ್ಟಳು. ನನ್ನ ಕೋಡುಬಳೆ ಎರಡು ದಿನದಲ್ಲಿ ಖಾಲಿಯಾಗಲು ಅವಳೇ ಕಾರಣ.

ಇಲ್ಲಿಯವರು ನೀರಿನ ಬಾಟಲಿಯನ್ನು ಎಳೆಗೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡೇ ತಿರುಗುತ್ತಾರೆ. ಆದರೆ ಮೇಘನಾಳ ದೊಡ್ಡ ಇಲಿ ಇದೆಯಲ್ಲ, ಕಾಂಗರೂ ಇಲಿ ಎನ್ನುತ್ತಾರೆ, ಅದು ನೀರು ಕುಡಿಯದೆಯೇ ಜನ್ಮ ಕಳೆಯಬಲ್ಲದಂತೆ. ಒಣ ಬೀಜದಿಂದಲೇ ಅದರ ಮೈಗೆ ಬೇಕಾದಷ್ಟು ನೀರು ಹುಟ್ಟುತ್ತದಂತೆ. "ಹಾಗಾದ್ರೆ ಇಲ್ಲಿ ಬುದ್ಧಿವಂತರು ಯಾರು ಅಂತ ಗೊತ್ತಾಯ್ತು" ಎಂದೆ. ರೋಸಾ ಬಾಟಲಿಯನ್ನು ಕೆಳಗಿಟ್ಟು ನಕ್ಕಳು.

ಅಮಾವಾಸ್ಯೆಯ ಸಂಜೆ

ಅಮಾವಾಸ್ಯೆಯ ದಿನ ಮುಖ್ಯ ಕೆಲಸಕ್ಕೆ ಕೈ ಹಾಕಬಾರದು ಎಂದು ಬೆಳೆದವಳು ನಾನು. ಸಿಸ್ಟರ್‌ಗಳು ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ಮೇಘನಾ ಮಾತ್ರ ಅಮಾವಾಸ್ಯೆಗಾಗಿಯೇ ಕಾದು ಕೂತಿದ್ದಳು.

"ನೋಡಿ ಅತ್ತೆ, ಬಯಲಲ್ಲಿ ಮೇಲಿಂದ ಗೂಬೆ ಬರತ್ತೆ. ಪೊದೆ ಕೆಳಗೆ ಮರಳಲ್ಲಿ ಮೈ ಹುದುಗಿಸ್ಕೊಂಡು ಹಾವು ಇರತ್ತೆ. ಇಲಿ ಎಲ್ಲಿ ಕೂತು ಊಟ ಮಾಡ್ಬೇಕು ಹೇಳಿ?"

"ಮನೇಲಿ."

"ಮನೇಲಿ ಅನ್ನ ಇಲ್ಲ."

ಜೀಪಿನ ಹಿಂದೆ ಅಗಲವಾದ ತಟ್ಟೆಗಳಿದ್ದವು. ಜರಡಿ ಹಿಡಿದ ಮರಳು ತುಂಬಿ, ಅದರೊಳಗೆ ಅಳೆದ ಕಾಳು ಬೆರೆಸುತ್ತಿದ್ದಳು. ಕಾಳನ್ನು ಕೈಗೆ ಹಾಕಿಸಿಕೊಂಡು ನೋಡಿದೆ. ಬರಗು! ನಮ್ಮ ಬರಗು. ಶಿವಮೊಗ್ಗದಲ್ಲಿ ಡಾಕ್ಟರು ಹೇಳಿದ ಮೇಲೆ ತಿನ್ನಲು ಶುರು ಮಾಡಿದ್ದನ್ನು ಇಲ್ಲಿ ಇಲಿಗಳು ಯಾವ ಡಾಕ್ಟರೂ ಹೇಳದೆಯೇ ತಿನ್ನುತ್ತವೆ. ಜೋಡಿ ಜೋಡಿಯಾಗಿ ಇಡುವುದು: ಒಂದು ತಟ್ಟೆ ಪೊದೆಯ ಕೆಳಗೆ, ಒಂದು ಬಯಲಲ್ಲಿ.

"ಮೊದಲು ಕಾಳು ಸುಲಭಕ್ಕೆ ಸಿಗತ್ತೆ. ಆಮೇಲೆ ಕೆದಕಿ ಕೆದಕಿ ಹುಡುಕ್ಬೇಕು. ಒಂದು ಹೊತ್ತಲ್ಲಿ ಇಲಿಗೆ ಅನ್ಸತ್ತೆ, ಸಾಕಪ್ಪ, ಇನ್ನು ನಾಲ್ಕು ಕಾಳಿಗೆ ಪ್ರಾಣ ಕೊಡೋದು ಬೇಡ ಅಂತ. ಎದ್ದು ಹೋಗತ್ತೆ. ಬೆಳಿಗ್ಗೆ ನಾನು ಉಳಿದಿದ್ದನ್ನ ಜರಡಿ ಹಿಡಿದು ತೂಕ ಮಾಡ್ತೀನಿ. ಎಷ್ಟು ತಿಂತು ಅನ್ನೋದಲ್ಲ ಅತ್ತೆ, ಎಷ್ಟು ಬಿಟ್ಟು ಎದ್ದೋಯ್ತು ಅನ್ನೋದು. ಜಾಸ್ತಿ ಬಿಟ್ಟಿದ್ರೆ ಅಲ್ಲಿ ಜಾಸ್ತಿ ಹೆದರಿದೆ."

ಇದು ನನಗೆ ಗೊತ್ತಿರುವ ವಿದ್ಯೆ ಎನ್ನಿಸಿತು. ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲಿ ರಿಸೆಪ್ಷನ್ ಊಟಕ್ಕೆ ಆಯನೂರು ಕಡೆಯಿಂದ ಬಂದವರನ್ನು ನೋಡಬೇಕು. ಪಾಯಸದ ಬಕೆಟ್ ಸಾಲಿನ ಆ ತುದಿಯಲ್ಲಿರುವಾಗಲೇ ಎಲೆ ಮಡಿಸಿ ಏಳುತ್ತಾರೆ. ಲಾಸ್ಟ್ ಬಸ್ಸು ಅವರ ಗೂಬೆ. ನಮ್ಮ ಅಪ್ಪನಿಗೆ ಕಾರ್ಖಾನೆಯ ಸೈರನ್ನು. ಅದು ಕೂಗಿದರೆ ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಇಳಿಯುತ್ತಿತ್ತು. ಅಮ್ಮ ಆ ತಟ್ಟೆಯನ್ನು ತಕ್ಷಣ ಎತ್ತುತ್ತಿರಲಿಲ್ಲ. ಉಳಿದ ಅನ್ನವನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತಿದ್ದಳು. ಹೊಸ ಫೋರ್‌ಮನ್ ಬಂದ ವರ್ಷ ಅಪ್ಪನ ತಟ್ಟೆಯಲ್ಲಿ ಬಹಳ ಅನ್ನ ಉಳಿಯುತ್ತಿತ್ತು. ಅಮ್ಮನ ಬಳಿ ತೂಕದ ಯಂತ್ರ ಇರಲಿಲ್ಲ, ಅಷ್ಟೆ.

ಮೇಘನಾಳಿಗೆ ಇದನ್ನು ಹೇಳಿದೆ. ಅವಳು ಮರಳು ಕಲಸುವುದನ್ನು ಬಿಟ್ಟು ನನ್ನನ್ನೇ ನೋಡಿದಳು. "ಅಜ್ಜಿ ನನ್ನ ಫಸ್ಟ್ ಗೈಡ್ ಆಗ್ಬೇಕಿತ್ತು" ಎಂದಳು.

ಕತ್ತಲಾದ ಮೇಲೆ ಕೆಂಪು ಟಾರ್ಚಿನ ಮಂಕು ಬೆಳಕಿನಲ್ಲಿ ಒಂದು ಬಂತು. ಹಾರಿ ಬಂತು ಎನ್ನಬೇಕು: ಎರಡೇ ಕಾಲಲ್ಲಿ, ತುದಿಯಲ್ಲಿ ಕುಚ್ಚು ಇರುವ ಉದ್ದ ಬಾಲವನ್ನು ಹಿಂದೆ ಬೀಸಿಕೊಂಡು. ತಲೆ ದೊಡ್ಡದು. ಗೂಬೆಯ ರೆಕ್ಕೆಯ ಸದ್ದೂ ಕೇಳಿಸಲೆಂದು ತಲೆಬುರುಡೆಯೊಳಗೆ ಕಿವಿಗೇ ದೊಡ್ಡ ಕೋಣೆಗಳಿವೆಯಂತೆ. ಮುಂಗೈಯಲ್ಲಿ ಬರಬರನೆ ಬರಗನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡಿತು. ಹಾಸ್ಟೆಲ್ಲಿನಲ್ಲಿ ಮದರ್ ಸುಪೀರಿಯರ್ ಬರುವ ಮುಂಚೆ ನಾವು ಕಡಲೆಕಾಯಿ ತುಂಬಿಕೊಳ್ಳುತ್ತಿದ್ದಂತೆ. ನಾನು ಉಸಿರು ಬಿಟ್ಟದ್ದಕ್ಕೋ ಏನೋ, ಮಾಯವಾಯಿತು.

ಗೋಬಿಯಲ್ಲಿ, ಸಹಾರಾದಲ್ಲಿ ಕೂಡ ಹೀಗೇ ಎರಡು ಕಾಲಲ್ಲಿ ಕುಪ್ಪಳಿಸುವ ಇಲಿಗಳಿವೆಯಂತೆ. ಇವಕ್ಕೂ ಅವಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಒಂದೇ ಬಗೆಯ ಬಯಲು, ಒಂದೇ ಬಗೆಯ ಶತ್ರು. ಭಯ ಎಂಬ ದರ್ಜಿ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಬಟ್ಟೆಗೆ ಒಂದೇ ಅಳತೆ ಹಿಡಿದು ಹೊಲಿದಿದ್ದಾನೆ. "ಆದರೆ ಇಲ್ಲಿನ ಹಾವು ಬೇರೆ" ಎಂದಳು ಮೇಘನಾ. ಇಲ್ಲಿನ ಬುಡುಬುಡಿಕೆ ಬಾಲದ ಹಾವಿಗೆ ಕಣ್ಣಿನ ಕೆಳಗೆ ಒಂದು ಕುಳಿ. ಅದಕ್ಕೆ ಇಲಿಯ ಮೈಬಿಸಿಯೇ ತಿಳಿಯುತ್ತದೆ. ಗೂಬೆಗಾದರೆ ಬೆಳದಿಂಗಳು ಅನುಕೂಲ. ಈ ಹಾವಿಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ಹಾಗಾದರೆ ಕಗ್ಗತ್ತಲಲ್ಲಿ ಇಲಿ ಹೆಚ್ಚು ಹೆದರುವುದು ಪೊದೆಗೋ, ಬಯಲಿಗೋ? ಅವಳ ಇಡೀ ಪಿಎಚ್.ಡಿ. ಈ ಪ್ರಶ್ನೆಯ ಮೇಲೆ ನಿಂತಿತ್ತು.

ಬೆಳದಿಂಗಳ ರಾತ್ರಿಗಳ ಲೆಕ್ಕ ಅವಳಿಗೆ ಪೂರ್ತಿ ಸಿಕ್ಕಿತ್ತು. ಕತ್ತಲ ರಾತ್ರಿಗಳಲ್ಲಿ ಒಂದು ಕಡಿಮೆ. ಹಿಂದಿನ ತಿಂಗಳದ್ದು ಗಾಳಿಗೆ ಹಾಳಾಗಿತ್ತು. ಚಳಿ ಬಿದ್ದರೆ ಚಿಕ್ಕ ಜಾತಿಯ ಇಲಿಗಳು ಬಿಲ ಸೇರಿಬಿಡುತ್ತವೆ, ಅವಳ ಸ್ಕಾಲರ್‌ಶಿಪ್ಪೂ ಈ ಸೀಸನ್ನಿಗೆ ಮುಗಿಯುತ್ತದೆ. ಈ ಒಂದು ರಾತ್ರಿ ಸಿಕ್ಕರೆ ಬರೆದು ಮುಗಿಸಬಹುದು. ಸಿಗದಿದ್ದರೆ ಅಷ್ಟೂ ವರ್ಷದ ಕೆಲಸ ಅರ್ಧಕ್ಕೆ ನಿಂತ ಹಾಗೆ.

ಸ್ಟೇಷನ್ನಿನ ಅಡುಗೆಮನೆ

ಬೆಳಕು ಹರಿಯುವ ಹೊತ್ತಿಗೆ ಮೇಘನಾ ತಟ್ಟೆಗಳನ್ನೆಲ್ಲ ಜರಡಿ ಹಿಡಿದು ಬಂದು, ಉಳಿದ ಕಾಳಿನ ಕವರುಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, "ಒಂದು ಗಂಟೆ ಮಲಗ್ತೀನಿ ಅತ್ತೆ, ಆಮೇಲೆ ತೂಕ" ಎಂದು ಬಿದ್ದುಕೊಂಡಳು. ಮಗುವಿನ ಪಾದಗಳು ಮಂಚದಿಂದ ಹೊರಗಿದ್ದವು. ಶೂ ಬಿಚ್ಚಿರಲಿಲ್ಲ. ಬಿಚ್ಚಿದೆ, ಕುಟ್ಟಿಟ್ಟೆ. ಏನಾದರೂ ಸಹಾಯ ಮಾಡಬೇಕು ಎನ್ನಿಸಿತು.

ಮೇಜಿನ ಮೇಲೆ ಅಷ್ಟೊಂದು ಪುಟ್ಟ ಪುಟ್ಟ ಕವರುಗಳು. ಎಲ್ಲದರಲ್ಲೂ ಬರಗು, ಎಲ್ಲದರಲ್ಲೂ ಹೊಟ್ಟು, ಮರಳಿನ ಹುಡಿ, ಜೊತೆಗೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿದ ಒಂದೊಂದು ಚೀಟಿ. ಈಗ ನಮ್ಮ ಕಡೆಯ ಯಾವ ಹೆಂಗಸಾದರೂ ಎದೆ ಮುಟ್ಟಿಕೊಂಡು ಹೇಳಲಿ: ಒಂದೇ ಕಾಳನ್ನು ಹತ್ತು ಕವರಿನಲ್ಲಿ ಇಡುವುದನ್ನು ಕಂಡು ಸುಮ್ಮನಿರುತ್ತೀರಾ? ಹಾಲಿನ ಕವರನ್ನೂ ತೊಳೆದು ಒಣಗಿಸಿ ಹಾಸಿಗೆಯ ಕೆಳಗೆ ಸೇರಿಸುವ ಜನ ನಾವು. ಚೀಟಿಗಳನ್ನು ಆರಿಸಿ ಪಕ್ಕಕ್ಕಿಟ್ಟು, ಒಂದು ತಟ್ಟೆಗೆ ಎಲ್ಲವನ್ನೂ ಸುರಿದೆ. ಮೊರ ಇರಲಿಲ್ಲ, ತಟ್ಟೆಯಲ್ಲೇ ಕೇರಿದೆ. ಹೊಟ್ಟು ಹಾರಿತು, ಕಾಳು ಮುತ್ತಿನ ಹಾಗಾಯಿತು. ಕೋಡುಬಳೆಯ ಡಬ್ಬ ಖಾಲಿ ಇತ್ತಲ್ಲ, ಅದಕ್ಕೆ ತುಂಬಿದೆ. ಕವರುಗಳನ್ನು ತೊಳೆದು ಹಿತ್ತಿಲ ತಂತಿಗೆ ಕ್ಲಿಪ್ ಹಾಕಿದೆ. ಬಹಳ ದಿನಗಳ ಮೇಲೆ ಒಂದು ಮನೆಗೆ ಬೇಕಾದವಳಂತೆ ಅನ್ನಿಸಿತು.

ಮೇಘನಾ ಕಣ್ಣುಜ್ಜಿಕೊಂಡು ಬಂದಳು. "ಅತ್ತೆ, ಇಲ್ಲಿದ್ದ ಕವರ್‌ಗಳು?"

"ತೊಳೆದು ಹಾಕಿದೀನಿ ಕಣೇ. ಏನು ಧೂಳು ಅದರೊಳಗೆ!"

"ಒಳಗಿದ್ದ ಕಾಳು?"

"ಎಲ್ಲಾ ಕೇರಿ ಒಂದೇ ಡಬ್ಬಕ್ಕೆ ಹಾಕಿದೀನಿ. ಹುಳ ಬೀಳಬಾರದು ಅಂತ ಎರಡು ಬ್ಯಾಡಗಿ ಮೆಣಸಿನಕಾಯಿನೂ ಇಟ್ಟಿದೀನಿ."

ಅವಳು ಡಬ್ಬದ ಮುಚ್ಚಳ ತೆಗೆದಳು. ಮೆಣಸಿನಕಾಯಿಯೊಂದನ್ನು ತೊಟ್ಟು ಹಿಡಿದು ಎತ್ತಿ ನೋಡಿದಳು. ಹಾಗೇ ನೆಲದ ಮೇಲೆ ಕೂತಳು.

"ಏನಾಯ್ತೇ?"

"ಪೊದೇದು ಯಾವ್ದು, ಬಯಲಿಂದು ಯಾವ್ದು ಅತ್ತೆ?"

ಆಗ ಗೊತ್ತಾಯಿತು. ನಾನೂ ಅವಳ ಪಕ್ಕ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಾನೇ ಬಾಯಿ ಬಿಟ್ಟೆ: "ಅಂದಾಜಿಗೆ ಎರಡು ಭಾಗ ಮಾಡು. ಜರಡಿ ಹಿಡಿವಾಗ ನೋಡಿದೀಯಲ್ಲ, ಪೊದೇದು ಇಷ್ಟು, ಬಯಲಿಂದು ಇಷ್ಟು ಅಂತ ಬರ್ಕೋ. ಯಾರಿಗೆ ಗೊತ್ತಾಗತ್ತೆ?"

ಕಾಪಿ ಹೊಡೆದ ಹುಡುಗಿಯರನ್ನು ಸರ್ವಿಸ್ ಪೂರ್ತಿ ಕ್ಲಾಸಿನ ಹೊರಗೆ ನಿಲ್ಲಿಸಿದವಳು ನಾನು. ನನ್ನ ಬಾಯಿಂದಲೇ ಬಂತು ಈ ಮಾತು.

"ಇಲಿ ಬಾಯಲ್ಲಿ ಸುಳ್ಳು ಹೇಳಿಸ್ಲಾ ಅತ್ತೆ?" ಎಂದಳು ಮೇಘನಾ. ದನಿ ಎತ್ತರಿಸಲಿಲ್ಲ. "ಪಾಪ, ಪ್ರಾಣ ಕೈಲಿ ಹಿಡ್ಕೊಂಡು ಬಂದು ಹೇಳಿ ಹೋಗಿವೆ ಅವು."

ಎದ್ದು ಹೊರಗೆ ಹೋಗಿ ಗೈಡಿಗೆ ಫೋನ್ ಮಾಡಿದಳು. ಕಿಟಕಿಯಿಂದ ಕಾಣುತ್ತಿದ್ದಳು, ತಂತಿಯ ಮೇಲೆ ಹೊಳೆಯುತ್ತಿದ್ದ ಕವರುಗಳ ಪಕ್ಕ ಆಚೀಚೆ ನಡೆಯುತ್ತಾ. ಅಷ್ಟರಲ್ಲಿ ಬಂದ ರೋಸಾಳಿಗೆ ನಾನು ಅಳುತ್ತಲೇ ಎಲ್ಲ ಹೇಳಿದೆ. ಅವಳು ಡಬ್ಬದೊಳಗೆ ಇಣುಕಿ, "ನಮ್ಮಜ್ಜಿಯೂ ಜೋಳಕ್ಕೆ ಮೆಣಸಿನಕಾಯಿ ಹಾಕ್ತಿದ್ದಳು" ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಇನ್ನೂ ಅಳು ಬಂತು. "ಕವರ್‌ಗಳು ಒಣಗಿದ ಮೇಲೆ ನಾನು ತಗೊಳ್ಳಲಾ, ಸೆನ್ಯೋರಾ?" ಎಂದೂ ಕೇಳಿದಳು. ಜಗತ್ತಿನಲ್ಲಿ ನನ್ನಂಥವಳು ಇನ್ನೊಬ್ಬಳಿದ್ದಾಳೆ ಎಂದು ತಿಳಿದದ್ದು ಹೀಗೆ, ಅಂಥ ಹೊತ್ತಿನಲ್ಲಿ.

ಮೇಘನಾ ಒಳಗೆ ಬಂದಳು. "ಇವತ್ತು ಒಂದು ರಾತ್ರಿ ಕೊಟ್ಟಿದಾರೆ. ನಾಳೆಯಿಂದ ಆ ಜಾಗ ಬೇರೆ ಟೀಮಿಗೆ."

"ನನ್ನಿಂದ ಅಂತ ಹೇಳಿದ್ಯಾ?"

"ನಿಜ ಹೇಳಿದೆ. ಮೆಣಸಿನಕಾಯಿ ಯಾಕೆ ಹಾಕಿದ್ರು ಅಂತ ಕೇಳಿದ್ರು ಅವರು." ನಗುವುದೋ ಬೇಡವೋ ಎಂದು ಅವಳ ತುಟಿಗೇ ತಿಳಿದಿರಲಿಲ್ಲ. "ಗಾಳಿ ಬರಬಾರದು ಅಷ್ಟೆ."

ಪಾಡ್ಯದ ಸಂಜೆ

ಗಾಳಿ ಬಂತು. ಹೊತ್ತು ಇಳಿಯುತ್ತಿದ್ದ ಹಾಗೆ ಮರಳು ನೆಲದ ಮೇಲೆ ಹಾವಿನಂತೆ ಹರಿಯಲು ಶುರುವಾಯಿತು. ಗಾಳಿ ನಿಲ್ಲದಿದ್ದರೆ ತಟ್ಟೆಯ ಮರಳೂ ಕಾಳೂ ಹಾರಿ, ಇಲಿ ಬಿಟ್ಟದ್ದೆಷ್ಟು, ಗಾಳಿ ಒಯ್ದದ್ದೆಷ್ಟು ತಿಳಿಯುವುದಿಲ್ಲ. ತಟ್ಟೆಗಳಿಗೆ ಮುಚ್ಚಳ ಹಾಕಿ, ಜೀಪಿನೊಳಗೆ ಕೂತೆವು. ಮೇಘನಾ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಿದ್ದಳು. ಗೈಡಿಗೆ ಫೋನ್ ಮಾಡಿ ಬಂದ ಮೇಲೆ ಅವಳು ಒಮ್ಮೆಯೂ ನನ್ನನ್ನು "ಅತ್ತೆ" ಎಂದು ಕರೆದಿರಲಿಲ್ಲ. "ನೀರು ಕುಡೀರಿ", "ಜಾಕೆಟ್ ಹಾಕ್ಕೊಳ್ಳಿ", ಅಷ್ಟೆ.

ಕಣ್ಣು ಮುಚ್ಚಿದೆ. ಕಾನ್ವೆಂಟಿನ ಪ್ರೇಯರ್ ಅರ್ಧ ಬಂತು, ಗಣಪತಿಯ ಶ್ಲೋಕ ಅರ್ಧ ಬಂತು. ಕೊನೆಗೆ ಗಣಪತಿಗೇ ನೇರವಾಗಿ ಹೇಳಿದೆ: ಅಪ್ಪಾ, ಇದು ನಿನ್ನ ವಾಹನದ ಊಟದ ವಿಷಯ, ನನ್ನದಲ್ಲ.

ಅವನೇ ಕೇಳಿದನೋ, ಮರುಭೂಮಿಯ ಗಾಳಿಯ ಅಭ್ಯಾಸವೇ ಅದೋ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಗಾಳಿ ಅಡಗಿತು. ಪಾಡ್ಯದ ಚಂದ್ರ ಕಣ್ಣಿಗೇ ಬೀಳಲಿಲ್ಲ. ಒಂದೊಂದೇ ಮುಚ್ಚಳ ತೆಗೆಯುತ್ತಾ ಮೇಘನಾ ಮುಂದೆ ನಡೆದಳು. ಮುಚ್ಚಳಗಳನ್ನು ಎದೆಗೆ ಅವಚಿಕೊಂಡು ನಾನು ಹಿಂದೆ ಹಿಂದೆ. ಪೊದೆಯ ಹತ್ತಿರ ಬಂದಾಗ ಕಾಲು ಎತ್ತಿ ಎತ್ತಿ ಇಟ್ಟೆ. ಬಯಲಿಗೆ ಬಂದಾಗ, ನಗಬೇಡಿ, ಕತ್ತು ತಗ್ಗಿಸಿದೆ.

ಬೆಳಗು

ನಸುಕಿಗೆ ಹೋದೆವು. ಮೊದಲ ಬಯಲು ತಟ್ಟೆಯ ಸುತ್ತ ಜೋಡಿ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ತಟ್ಟೆಯ ಮರಳನ್ನು ಚೆನ್ನಾಗಿ ಕೆದಕಿದ್ದವು. ಜರಡಿಯಲ್ಲಿ ಉಳಿದದ್ದು ಚಿಟಿಕೆಯಷ್ಟು. ಅದರ ಜೋಡಿ, ಪೊದೆಯ ಕೆಳಗಿನದಕ್ಕೆ ಬಾಗಿದ ಮೇಘನಾ ಹಾಗೇ ನಿಂತಳು. ಕೈ ಹಿಂದೆ ಚಾಚಿ ನನ್ನನ್ನು ತಡೆದಳು.

ತಟ್ಟೆಯ ಪಕ್ಕದ ಮರಳಿನಲ್ಲಿ ಓರೆ ಓರೆ ಗೆರೆಗಳು, ಏಣಿಯ ಮೆಟ್ಟಿಲಿನಂತೆ ಒಂದರ ಮುಂದೊಂದು. "ಹೋಗಿದೆ ಈಗ. ಅಡ್ಡ ಅಡ್ಡಕ್ಕೆ ಹರಿಯೋ ಜಾತಿ ಇದು" ಎಂದು ಪಿಸುಗುಟ್ಟಿದಳು. ತಟ್ಟೆಯ ಮರಳು ಸಂಜೆ ಅವಳು ಸವರಿಟ್ಟ ಹಾಗೇ ನುಣ್ಣಗಿತ್ತು. ಒಂದು ಹೆಜ್ಜೆ ಇಲ್ಲ. ಜರಡಿ ಹಿಡಿದಾಗ ಹಾಕಿದ ಬರಗೆಲ್ಲ ತಿರುಗಿ ಬಂತು, ಯಾರೂ ಎಲೆಗೆ ಕೂರದ ಮದುವೆಯ ಅನ್ನದಂತೆ.

ಎಲ್ಲ ಕಡೆಯೂ ಹಾಗೆ ಒಪ್ಪವಾಗಿ ಇರಲಿಲ್ಲ. ಒಂದು ಪೊದೆಯ ತಟ್ಟೆ ಪೂರಾ ಖಾಲಿ. ಯಾವನೋ ಧೈರ್ಯವಂತ, ಇಲ್ಲ ಬಹಳ ಹಸಿದವನು. ಒಂದು ಬಯಲು ತಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಕೊನೆಯ ಜೋಡಿ ಮುಗಿಯುವ ಹೊತ್ತಿಗೆ ಬರಿಗಣ್ಣಿಗೇ ಕಾಣುತ್ತಿತ್ತು, ಪೊದೆಯ ಕವರುಗಳೇ ಭಾರ ಎಂದು. ಮೇಘನಾ ಮರಳಿನ ಮೇಲೆ ಮಂಡಿಯೂರಿ ಕೂತು, ಮುಖದ ಮೇಲೆ ಎರಡು ಕೈ ಇಟ್ಟುಕೊಂಡಳು. ಬೆರಳುಗಳ ಸಂದಿಯಿಂದ ನಗು ಬರುತ್ತಿತ್ತು.

"ತೂಕ ಹಾಕೋವರೆಗೂ ಏನೂ ಹೇಳಬಾರದು" ಎಂದಳು, ತನಗೆ ತಾನೇ.

ಪೊದೆಯ ಕವರುಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ಹಾಕಿದಳು, ಬಯಲಿನವನ್ನು ಇನ್ನೊಂದಕ್ಕೆ. ಎರಡನ್ನೂ ನಾನು ಇಸಿದುಕೊಂಡೆ. ಪೊದೆಯದು ಎಡಗೈ, ಬಯಲಿನದು ಬಲಗೈ. ಜೀಪು ಹತ್ತಲು ರೇಲಿಂಗ್ ಹಿಡಿಯಬೇಕು. ಹಿಡಿಯಲಿಲ್ಲ, ಮೊಣಕೈ ಊರಿ ಹತ್ತಿದೆ. ದಾರಿ ಎಂದರೆ ಒಣಗಿದ ಹಳ್ಳ. ಒಂದೊಂದು ಗುಂಡಿಗೂ ನಾನು ಎರಡು ಕೈಗಳನ್ನು ಇನ್ನಷ್ಟು ದೂರ ಮಾಡಿಕೊಂಡೆ.

"ಸೀಲ್ ಮಾಡಿದೀನಿ ಅದನ್ನ. ಸೀಟ್ ಮೇಲಿಡಿ."

"ಬೇಡ."

"ಚೀಟಿನೂ ಇದೆ ಒಳಗೆ. ಮಿಕ್ಸ್ ಆಗಲ್ಲ."

"ನೀನು ರೋಡ್ ನೋಡು."

ಬಿಸಿಲು ಏರಿತು. ಮೂಗಿನ ಮೇಲೆ ಬೆವರು ಬಂದು ಕನ್ನಡಕ ಜಾರಲು ಶುರುವಾಯಿತು. ಮೂಗಿನ ತುದಿಗೆ ಬಂತು. ಮುಂದಿನ ಗುಂಡಿಗೆ ಬೀಳುವುದೇ. ತಲೆ ಹಿಂದಕ್ಕೆ ವಾಲಿಸಿ, ಗಲ್ಲ ಮೇಲೆತ್ತಿ, ಎರಡು ಕೈ ಚಾಚಿ, ದೂರದ ಕಳ್ಳಿಗಳ ಹಾಗೆ ಕೂತೆ. ಕೈ ಮಾತ್ರ ಹತ್ತಿರ ತರಲಿಲ್ಲ.

ಮೇಘನಾ ಜೀಪನ್ನು ನಿಧಾನ ಮಾಡಿದಳು. ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು, ಇನ್ನೊಂದು ಕೈಯ ಮರಳು ಮೆತ್ತಿದ ಒಂದು ಬೆರಳಿನಿಂದ ನನ್ನ ಕನ್ನಡಕವನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು.

"ಸರಿಯಾಯ್ತಾ ಅತ್ತೆ?"